ಹಾಟ್ ಪಟ್ಟಿಯಿಂದ ಹೊರಬರುವ ಮುನ್ನ ಒಂದು ಲೆಕ್ಕ

ಪ್ರೋಗ್ರಾಮರುಗಳ ಪ್ರಶ್ನೋತ್ತರ ಸೈಟಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೋಡ್‌ನ ತಕರಾರಿಗೆ ಉತ್ತರ ಹುಡುಕುತ್ತಿರುವವರ ಕಣ್ಣು ಒಂದಲ್ಲ ಒಂದು ಸಲ ಪುಟದ ಬಲ ಅಂಚಿಗೆ ಜಾರುತ್ತದೆ. ಅಲ್ಲಿ ಕೋಡಿಗೆ ಸಂಬಂಧವೇ ಇಲ್ಲದ ಶೀರ್ಷಿಕೆಗಳು ಸಾಲಾಗಿ ನಿಂತಿರುತ್ತವೆ. ಒಂದು ವಿಮಾನದ ರೆಕ್ಕೆಯದ್ದು, ಒಂದು ಪಿಎಚ್‌ಡಿ ಗೈಡ್ ಜೊತೆಗಿನ ಜಗಳದ್ದು, ಇನ್ನೊಂದು ಕಲ್ಪಿತ ಲೋಕದ ಡ್ರ್ಯಾಗನ್ ಬೆಂಕಿ ಉಗುಳುವ ಬಗೆಯದ್ದು. ಇದು, ಸ್ಟ್ಯಾಕ್ ಓವರ್‌ಫ್ಲೋ ಕೂಡ ಸೇರಿರುವ ಪ್ರಶ್ನೋತ್ತರ ಸೈಟುಗಳ ಗುಂಪಾದ ಸ್ಟ್ಯಾಕ್ ಎಕ್ಸ್‌ಚೇಂಜ್ ಜಾಲದ ಹಾಟ್ ನೆಟ್‌ವರ್ಕ್ ಕ್ವೆಶ್ಚನ್ಸ್ ಪಟ್ಟಿ. ಒಳಗಿನವರ ಬಾಯಲ್ಲಿ ಎಚ್‌ಎನ್‌ಕ್ಯೂ. ಇಲ್ಲಿ ಸುಮ್ಮನೆ ಹಾಟ್ ಪಟ್ಟಿ ಎನ್ನೋಣ.

ಜಾಲದಲ್ಲಿ 170ಕ್ಕೂ ಹೆಚ್ಚು ಸೈಟುಗಳಿವೆ. ಪ್ರತಿಯೊಂದಕ್ಕೂ ಅದರದೇ ವಿಷಯ, ಅದರದೇ ನಿಯಮ, ಅದರದೇ ಮಾಡರೇಟರುಗಳು. ಹಾಟ್ ಪಟ್ಟಿ ಮಾತ್ರ ಎಲ್ಲಕ್ಕೂ ಒಂದೇ. ಒಂದು ಸೈಟಿನ ಪ್ರಶ್ನೆ ಈ ಪಟ್ಟಿಗೆ ಹತ್ತಿದರೆ ಕೆಲವೇ ಗಂಟೆಗಳಲ್ಲಿ, ಆ ಸೈಟು ಇದೆಯೆಂದೇ ಗೊತ್ತಿರದ ಸಾವಿರಾರು ಜನ ಅದನ್ನು ಓದುತ್ತಾರೆ. ಹಾಗಾಗಿ ಹಲವು ಸೈಟುಗಳ ಮೆಟಾದಲ್ಲಿ, ಅಂದರೆ ಸೈಟಿನ ಬಗ್ಗೆಯೇ ಚರ್ಚಿಸುವ ವೇದಿಕೆಯಲ್ಲಿ, ಆಗಾಗ ಒಂದು ಪ್ರಸ್ತಾಪ ಏಳುತ್ತದೆ: ನಮ್ಮ ಪ್ರಶ್ನೆಗಳನ್ನು ಈ ಪಟ್ಟಿಯಿಂದ ಪೂರ್ತಿ ತೆಗೆಸಿಬಿಡೋಣವೇ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸೈಟುಗಳು ಹೊರಬರಬಾರದು. ಕೆಲವು ಬರಲೇಬೇಕು. ಯಾವ ಸೈಟು ಯಾವ ಗುಂಪಿಗೆ ಸೇರುತ್ತದೆ ಎಂಬುದು ಅಲ್ಲಿನ ಹಳಬರ ಸಿಟ್ಟನ್ನು ನೋಡಿ ತೀರ್ಮಾನವಾಗುವ ಸಂಗತಿಯಲ್ಲ. ಹೊರಗಿನಿಂದ ಬಂದವರು ಅಲ್ಲಿ ಏನು ಮಾಡಬಲ್ಲರು, ಏನು ಮಾಡಲಾರರು ಎಂಬ ಲೆಕ್ಕದಿಂದ ಆಗಬೇಕು.

ಪ್ರಶ್ನೆ ಬಿಸಿಯಾಗುವುದು ಹೇಗೆ

ಪಟ್ಟಿಯನ್ನು ಯಾರೂ ಕೂತು ಆರಿಸುವುದಿಲ್ಲ, ಸೂತ್ರ ಆರಿಸುತ್ತದೆ. ಜಾಲದ ಮೆಟಾದಲ್ಲಿ ಪ್ರಕಟವಾದ ಸೂತ್ರ ಹೀಗಿದೆ. ಪ್ರಶ್ನೆಯ ಅಂಕವನ್ನು (ಮೆಚ್ಚಿದ ಅಪ್‌ವೋಟುಗಳಿಂದ ಮೆಚ್ಚದ ಡೌನ್‌ವೋಟುಗಳನ್ನು ಕಳೆದದ್ದು) ಉತ್ತರಗಳ ಸಂಖ್ಯೆಯಿಂದ ಗುಣಿಸಿ 5ರಿಂದ ಭಾಗಿಸಬೇಕು. ಉತ್ತರಗಳು 10 ದಾಟಿದ್ದರೂ 10 ಎಂದೇ ಹಿಡಿಯಬೇಕು. ಅದಕ್ಕೆ ಉತ್ತರಗಳ ಅಂಕವನ್ನು ಕೂಡಿಸಬೇಕು. ಬಂದ ಮೊತ್ತವನ್ನು ಪ್ರಶ್ನೆಯ ವಯಸ್ಸಿನಿಂದ ಭಾಗಿಸಬೇಕು. ವಯಸ್ಸು ಎಂದರೆ ಕಳೆದ ಗಂಟೆಗಳಿಗೆ 1 ಸೇರಿಸಿ, 6ಕ್ಕಿಂತ ಕಡಿಮೆಯಾದರೆ 6 ಎಂದು ಹಿಡಿದು, 1.4ರ ಘಾತಕ್ಕೆ ಏರಿಸಿದ ಸಂಖ್ಯೆ. ಇದರ ಮೇಲೆ ಸೈಟಿಗೊಂದರಂತೆ ಹೊಂದಾಣಿಕೆ ಇದೆ, ಒಂದೇ ಸೈಟಿನಿಂದ ಹೆಚ್ಚು ಪ್ರಶ್ನೆ ಬಂದರೆ ಸ್ವಲ್ಪ ಕಡಿತವೂ ಇದೆ. ಆದರೆ ಪಟ್ಟಿಯ ಗುಣವನ್ನು ನಿರ್ಧರಿಸುವುದು ಈ ಮೂಲ ಸೂತ್ರವೇ.

ಸಂಖ್ಯೆ ಹಾಕಿ ನೋಡಿ. ಕಷ್ಟದ ಪ್ರಶ್ನೆಯೊಂದಕ್ಕೆ 12 ಅಂಕ, ಒಂದೇ ಉತ್ತರ, ಆ ಉತ್ತರಕ್ಕೆ 20 ಅಂಕ. ಆರು ಗಂಟೆಯ ಹೊತ್ತಿಗೆ ಮೇಲಿನ ಮೊತ್ತ 22.4, ಕೆಳಗಿನದು 7ರ 1.4 ಘಾತ, ಅಂದರೆ ಸುಮಾರು 15.2. ಭಾಗಲಬ್ಧ 1.5ರ ಹತ್ತಿರ. ಇನ್ನೊಂದು ಪ್ರಶ್ನೆಗೂ ಅದೇ 12 ಅಂಕ, ಅದೇ ವಯಸ್ಸು. ಆದರೆ ಎಲ್ಲರಿಗೂ ಒಂದು ಅಭಿಪ್ರಾಯವಿರುವ ವಿಷಯ, ಹಾಗಾಗಿ ಹತ್ತು ಉತ್ತರ, ಎಲ್ಲ ಸೇರಿ 35 ಅಂಕ. ಮೇಲಿನ ಮೊತ್ತ 59, ಭಾಗಲಬ್ಧ 3.9ರ ಹತ್ತಿರ. ಓದುಗರು ಎರಡನ್ನೂ ಒಂದೇ ಸಮ ಮೆಚ್ಚಿದ್ದರು. ಬಾಯಿ ಹಾಕಿದವರು ಎರಡನೆಯದಕ್ಕೆ ಹೆಚ್ಚು, ಅಷ್ಟೇ. ಪಟ್ಟಿ ಎರಡನೆಯದನ್ನು ಎರಡೂವರೆ ಪಟ್ಟು ಮೇಲೆತ್ತಿತು.

ಇಲ್ಲಿಂದ ಎರಡು ಸಂಗತಿ ತಾವಾಗಿಯೇ ಹೊರಡುತ್ತವೆ. ಉತ್ತರವೇ ಬಾರದ ಪ್ರಶ್ನೆಗೆ ಸೂತ್ರದಲ್ಲಿ ಸಿಗುವುದು ಸೊನ್ನೆ. ಹೊರಗಿನ ತಜ್ಞರ ನೆರವು ನಿಜಕ್ಕೂ ಬೇಕಾಗಿರುವ ಪ್ರಶ್ನೆ ಈ ಪಟ್ಟಿಯನ್ನು ಹತ್ತುವುದೇ ಇಲ್ಲ. ಎರಡನೆಯದು, ಪಟ್ಟಿಗೆ ಹತ್ತಿದ ಮೇಲೆ ಬಂದವರು ಇನ್ನಷ್ಟು ಉತ್ತರ ಬರೆಯುತ್ತಾರೆ, ಇನ್ನಷ್ಟು ವೋಟು ಹಾಕುತ್ತಾರೆ, ಅದರಿಂದ ಪ್ರಶ್ನೆ ಇನ್ನಷ್ಟು ಬಿಸಿಯಾಗುತ್ತದೆ. ಅದನ್ನು ತಣಿಸುವುದು ಗಡಿಯಾರ ಒಂದೇ. 24 ಗಂಟೆಯ ಹೊತ್ತಿಗೆ ಕೆಳಗಿನ ಸಂಖ್ಯೆ 90 ದಾಟುತ್ತದೆ, ಅಂದರೆ ಆರು ಗಂಟೆಯಲ್ಲಿದ್ದುದರ ಆರು ಪಟ್ಟು.

ಎಷ್ಟು ಜನ ನೋಡಿದರು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಶೀರ್ಷಿಕೆ ನೋಡಿ ಒಳಬಂದು ಸುಮ್ಮನೆ ಓದಿ ಹೋದವರಿಂದ ಪ್ರಶ್ನೆ ಬಿಸಿಯಾಗುವುದಿಲ್ಲ. ತೊಂದರೆ ಇರುವುದು ಓದಿ ವೋಟು ಹಾಕಿ ಹೋಗುವವರಲ್ಲಿ.

101 ಎಂಬ ಸಂಖ್ಯೆ

ಹಾಟ್ ಪಟ್ಟಿಯ ಬಗೆಗಿನ ಜಗಳದಲ್ಲಿ ಅತಿ ಮುಖ್ಯವಾದ ಸಂಗತಿ ಇದು. ಜಾಲದ ಯಾವುದೇ ಒಂದು ಸೈಟಿನಲ್ಲಿ 200 ರೆಪ್ (ಇತರರ ವೋಟಿನಿಂದ ಬರುವ ಪ್ರತಿಷ್ಠೆಯ ಅಂಕ) ಗಳಿಸಿದವರು ಇನ್ನೊಂದು ಸೈಟಿಗೆ ಸೇರಿದ ಕೂಡಲೇ 100 ರೆಪ್ ಬೋನಸ್ ಸಿಗುತ್ತದೆ. ಹೊಸಬರಿಗೆ ಸಿಗುವ 1 ಸೇರಿ 101. ಈಗ ಹಕ್ಕುಗಳ ಪಟ್ಟಿ ನೋಡಿ. ಅಪ್‌ವೋಟ್ ಮಾಡಲು 15 ಬೇಕು, ಎಲ್ಲ ಕಡೆ ಕಾಮೆಂಟ್ ಹಾಕಲು 50, ಡೌನ್‌ವೋಟ್ ಮಾಡಲು 125.

ಅಂದರೆ ಹಾಟ್ ಪಟ್ಟಿಯಿಂದ ಬಂದ ಪ್ರೋಗ್ರಾಮರ್‌ಗೆ ಹೊಗಳುವ ಹಕ್ಕಿದೆ, ಹರಟುವ ಹಕ್ಕಿದೆ, ಇದು ಸರಿಯಿಲ್ಲ ಎನ್ನುವ ಹಕ್ಕಿಲ್ಲ. ಕಸದಂಥ ಉತ್ತರ ಕಂಡರೂ ಕೆಳಗಿಳಿಸಲಾರ. ನಗೆ ಬರಿಸಿದ ಉತ್ತರ ಕಂಡರೆ ಮೇಲೇರಿಸಬಲ್ಲ. ಸೈಟಿನ ಹಳಬರು ಕೆಳಗಿಳಿಸಲು ನೋಡಿದರೂ, ಉತ್ತರವೊಂದಕ್ಕೆ ಹಾಕುವ ಪ್ರತಿ ಡೌನ್‌ವೋಟಿಗೂ ಅವರ ಕೈಯಿಂದ 1 ರೆಪ್ ಹೋಗುತ್ತದೆ, ಅವರ ಸಂಖ್ಯೆಯೂ ಬೆರಳೆಣಿಕೆಯದ್ದು. ಬಂದವರೆಲ್ಲ ಅವಿವೇಕಿಗಳೇನಲ್ಲ. ತಕ್ಕಡಿಯ ಒಂದೇ ತಟ್ಟೆಯನ್ನು ಅವರ ಕೈಗೆ ಕೊಟ್ಟಿದ್ದೇವೆ, ಅಷ್ಟೇ.

ಈ ಅಸಮತೋಲನಕ್ಕೆ ದೀರ್ಘಕಾಲದ ಪರಿಣಾಮವೂ ಇದೆ. ಒಂದು ಅಪ್‌ವೋಟಿಗೆ 10 ರೆಪ್, ದಿನಕ್ಕೆ 200ರ ಮಿತಿ. ಹಾಟ್ ಪ್ರಶ್ನೆಯೊಂದಕ್ಕೆ ಚುರುಕಾಗಿ ಬರೆದ ಒಂದು ಉತ್ತರ ಮೂರು ದಿನ ಓಡಿದರೆ 500, 600 ರೆಪ್ ಬರುವುದು ಕಷ್ಟವಲ್ಲ. ಅಂಥ ನಾಲ್ಕೈದು ಉತ್ತರಗಳಾದರೆ 2000 ಮುಟ್ಟಿ, ಇತರರ ಪೋಸ್ಟನ್ನು ಯಾರ ಒಪ್ಪಿಗೆಯೂ ಇಲ್ಲದೆ ತಿದ್ದುವ ಹಕ್ಕು ಬರುತ್ತದೆ. 3000ಕ್ಕೆ ಪ್ರಶ್ನೆ ಮುಚ್ಚುವ, ಅಂದರೆ ಹೊಸ ಉತ್ತರ ಬಾರದಂತೆ ತಡೆಯುವ ವೋಟು. ಅಷ್ಟು ದೂರ ಬಂದರೂ ಆ ವ್ಯಕ್ತಿ ಸೈಟಿನ ದಿನನಿತ್ಯದ ಒಂದು ಪ್ರಶ್ನೆಗೂ ಉತ್ತರ ಬರೆದಿರದೆ ಇರಬಹುದು. ರೆಪ್ ಎಂದರೆ ಈ ಸೈಟಿನ ರೀತಿನೀತಿ ಗೊತ್ತಿದೆ ಎಂಬುದರ ಗುರುತು ಎಂಬ ಊಹೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಹಾಟ್ ಪಟ್ಟಿ ಆ ಊಹೆಯನ್ನೇ ಸಡಿಲ ಮಾಡುತ್ತದೆ.

2018ರ ಅಕ್ಟೋಬರ್, 2019ರ ಮಾರ್ಚ್

ಇಂಟರ್‌ಪರ್ಸನಲ್ ಸ್ಕಿಲ್ಸ್ ಎಂಬ ಸೈಟು ಮನುಷ್ಯ ಸಂಬಂಧಗಳ ಪೇಚುಗಳಿಗೆ ಮೀಸಲು. ಅತ್ತೆ ಸೊಸೆ, ರೂಮ್‌ಮೇಟ್, ಸಹೋದ್ಯೋಗಿ, ಹಳೆಯ ಸ್ನೇಹ, ಹೀಗೆ. ಅದರ ಶೀರ್ಷಿಕೆಗಳು ಹಾಟ್ ಪಟ್ಟಿಗೆ ಹೇಳಿ ಮಾಡಿಸಿದಂತಿದ್ದವು. 2018ರ ಅಕ್ಟೋಬರಿನಲ್ಲಿ, ಅಂಥ ಶೀರ್ಷಿಕೆಗಳು ಕೋಡ್ ಓದುವ ಪುಟದ ಪಕ್ಕದಲ್ಲಿ ಕಂಡದ್ದರ ಬಗ್ಗೆ ಟ್ವಿಟರ್‌ನಲ್ಲಿ ಆಕ್ಷೇಪ ಬಂತು. ಕಂಪನಿ ಆ ಸೈಟನ್ನು ಪಟ್ಟಿಯಿಂದ ತಕ್ಷಣವೇ ತೆಗೆದುಹಾಕಿತು. ಶೀರ್ಷಿಕೆಗಳಲ್ಲಿ ಕೆಲವು ಕೆಟ್ಟದಾಗಿದ್ದವು, ನಿಜ. ಆದರೆ ವರ್ಷಗಟ್ಟಲೆ ಮೆಟಾದಲ್ಲಿ ಹಾಟ್ ಪಟ್ಟಿಯನ್ನು ಸರಿಪಡಿಸಿ ಎಂದು ಬರೆದವರಿಗೆ ಸಿಗದ ಕಿವಿ ಹೊರಗಿನ ಎರಡು ಸಾಲಿಗೆ ಸಿಕ್ಕಿತಲ್ಲ ಎಂದು ಜಾಲದ ಹಳಬರು ಕೆರಳಿದರು. ಆ ಸೈಟಿನ ಸಮುದಾಯವನ್ನು ಮುಂಚಿತವಾಗಿ ಕೇಳದೆ ಹಾಗೆ ಮಾಡಿದ್ದು ಗಾಯಕ್ಕೆ ಉಪ್ಪು.

ಆ ಗದ್ದಲದ ನಂತರ 2019ರ ಮಾರ್ಚಿನಲ್ಲಿ ಬದಲಾವಣೆಗಳು ಬಂದವು. ಪ್ರಶ್ನೆಯೊಂದನ್ನು ಹಾಟ್ ಪಟ್ಟಿಯಿಂದ ಕೆಳಗಿಳಿಸುವ ಹಕ್ಕು ಆಯಾ ಸೈಟಿನ ಮಾಡರೇಟರುಗಳಿಗೆ ಸಿಕ್ಕಿತು. ಒಂದು ಸೈಟಿನಿಂದ ಏಕಕಾಲಕ್ಕೆ 5 ಪ್ರಶ್ನೆಗಳಿಗಿಂತ ಹೆಚ್ಚು ಬೇಡ ಎಂಬ ಮಿತಿ ಬಂತು. ಪ್ರಶ್ನೆ ಯಾವಾಗ ಹಾಟ್ ಆಯಿತು ಎಂಬುದು ಅದರ ಇತಿಹಾಸದಲ್ಲಿ ದಾಖಲಾಗತೊಡಗಿತು. ಪಟ್ಟಿಯೇ ಬೇಡ ಎನ್ನುವ ಓದುಗ ತನ್ನ ಪ್ರೊಫೈಲಿನ ಆಯ್ಕೆಗಳಲ್ಲಿ ಅದನ್ನು ಮರೆಮಾಡುವ ಅವಕಾಶವೂ ಇದೆ. ಇವತ್ತಿನ ಚರ್ಚೆಯನ್ನು ಈ ಬದಲಾವಣೆಗಳ ನಂತರದ ಸ್ಥಿತಿಯ ಮೇಲೆ ನಡೆಸಬೇಕು. ಈಗಲೂ ಮೆಟಾದಲ್ಲಿ 2015ರ, 2016ರ ದೂರುಗಳನ್ನೇ ಎತ್ತಿ ತಂದು ಹೊರಬರೋಣ ಎನ್ನುವವರಿದ್ದಾರೆ. ಅವುಗಳಲ್ಲಿ ಅರ್ಧಕ್ಕೆ ಈಗ ಮದ್ದಿದೆ.

ಪೂರ್ತಿ ಹೊರಬರುವ ಮುನ್ನ ಕೈಯಲ್ಲಿರುವ ಮದ್ದು

ಶೀರ್ಷಿಕೆ ತಿದ್ದುವುದು ಎಲ್ಲಕ್ಕಿಂತ ಅಗ್ಗ. ಹೊರಗಿನವರಿಗೆ ಕಾಣುವುದು ಶೀರ್ಷಿಕೆ ಮಾತ್ರ, ಟ್ಯಾಗ್ ಇಲ್ಲ, ಹಿನ್ನೆಲೆ ಇಲ್ಲ. ‘ನನ್ನ ಟೀಮಿನಲ್ಲೊಬ್ಬಳು ಹೀಗೆ ಮಾಡುತ್ತಾಳೆ, ಏನು ಮಾಡಲಿ?’ ಎಂಬುದು ಎಲ್ಲರನ್ನೂ ಕೈ ಬೀಸಿ ಕರೆಯುತ್ತದೆ. ‘ವರದಿ ತಡವಾಗಿ ಕೊಡುವ ಸಹೋದ್ಯೋಗಿಯ ವಿಷಯವನ್ನು ಮ್ಯಾನೇಜರ್ ಗಮನಕ್ಕೆ ತರುವುದು ಹೇಗೆ?’ ಎಂದು ತಿದ್ದಿದರೆ ಕುತೂಹಲಕ್ಕೆ ಬರುವವರು ಕಡಿಮೆಯಾಗುತ್ತಾರೆ, ವಿಷಯ ಗೊತ್ತಿರುವವರು ಬರುತ್ತಾರೆ. ಹಾಟ್ ಆದ ಮೇಲೆ ತಿದ್ದಿದರೂ ಉಪಯೋಗವಿದೆ, ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ತಿದ್ದಿದರೆ ಲೆಕ್ಕವೇ ಬೇರೆ. ಗಣಿತದವರ ಹಳೆಯ ಕುತಂತ್ರವೊಂದಿದೆ: ಶೀರ್ಷಿಕೆಯಲ್ಲಿ ಮ್ಯಾತ್‌ಜಾಕ್ಸ್ ಬರಹ (ಡಾಲರ್ ಚಿಹ್ನೆಗಳ ನಡುವೆ ಬರೆಯುವ ಗಣಿತ ಸೂತ್ರ) ಇದ್ದರೆ ಪ್ರಶ್ನೆ ಪಟ್ಟಿಗೆ ಸೇರುವುದಿಲ್ಲ. ಹಾಗೆಂದು ಮಾಮೂಲಿ ಅಕ್ಷರಕ್ಕೂ ಡಾಲರ್ ಚಿಹ್ನೆ ಸುತ್ತುವುದು ಹುಡುಕಾಟವನ್ನು ಹಾಳು ಮಾಡುತ್ತದೆ. ನನಗದು ಹಿಡಿಸದು.

ಮುಚ್ಚಬೇಕಾದ ಪ್ರಶ್ನೆಯನ್ನು ಬೇಗ ಮುಚ್ಚುವುದು ಎರಡನೆಯದು. ಮುಚ್ಚಿದ ಪ್ರಶ್ನೆ ಪಟ್ಟಿಯಲ್ಲಿ ಉಳಿಯುವುದಿಲ್ಲ. ಸೈಟನ್ನು ಅವಲಂಬಿಸಿ ಇದಕ್ಕೆ 3 ಅಥವಾ 5 ವೋಟು ಬೇಕು. ಅಸ್ಪಷ್ಟ ಪ್ರಶ್ನೆ ಪಟ್ಟಿಗೆ ಹತ್ತಿದ ಮೇಲೆ ಮುಚ್ಚಲು ಹೋದರೆ, ಬಂದ ಜನ ಕಾಮೆಂಟಿನಲ್ಲಿ ಜಗಳಕ್ಕೆ ನಿಲ್ಲುತ್ತಾರೆ, ಆಗಲೇ ಇಪ್ಪತ್ತು ವೋಟು ಬಿದ್ದಿರುವ ಪ್ರಶ್ನೆಯನ್ನು ಏಕೆ ಮುಚ್ಚುತ್ತೀರಿ ಎಂದು. ಆದ್ದರಿಂದ ಮುಚ್ಚುವ ಕೆಲಸ ಪ್ರಶ್ನೆ ತಣ್ಣಗಿರುವಾಗಲೇ ಮುಗಿಯಬೇಕು.

ಪ್ರಶ್ನೆಗೆ ರಕ್ಷಣೆ ಕೊಡುವುದು ಮೂರನೆಯದು. ರಕ್ಷಿತ ಪ್ರಶ್ನೆಗೆ ಉತ್ತರ ಬರೆಯಲು ಆ ಸೈಟಿನಲ್ಲೇ ಗಳಿಸಿದ 10 ರೆಪ್ ಬೇಕು. ಮೇಲೆ ಹೇಳಿದ 100ರ ಬೋನಸ್ ಇಲ್ಲಿ ಲೆಕ್ಕಕ್ಕಿಲ್ಲ. ಪ್ರವಾಹದಂತೆ ಬರುವ ಒಂದು ಸಾಲಿನ ಉತ್ತರಗಳನ್ನು ಇದು ತಡೆಯುತ್ತದೆ. ವೋಟನ್ನು ತಡೆಯುವುದಿಲ್ಲ, ಕಾಮೆಂಟನ್ನೂ ತಡೆಯುವುದಿಲ್ಲ. ಹೊಸ ಉತ್ತರ ಬಾರದಿದ್ದ ಮಾತ್ರಕ್ಕೆ ಹಳೆಯ ತಪ್ಪು ಉತ್ತರದ ಅಂಕ ಏರುವುದು ನಿಲ್ಲದು. ‘ರಕ್ಷಣೆ ಕೊಟ್ಟೆವಲ್ಲ, ಆದರೂ ಸರಿಹೋಗಲಿಲ್ಲ’ ಎನ್ನುವ ಮಾಡರೇಟರುಗಳು ಮರೆಯುವುದು ಇದನ್ನೇ.

ಕೊನೆಯದು, ಆ ಒಂದು ಪ್ರಶ್ನೆಯನ್ನು ಪಟ್ಟಿಯಿಂದ ತೆಗೆಯುವುದು. ಮಾಡರೇಟರ್ ಅಲ್ಲದವರೂ ಫ್ಲ್ಯಾಗ್ ಹಾಕಿ, ಮಾಡರೇಟರ್ ಗಮನಕ್ಕೆ ಎಂಬ ಆಯ್ಕೆಯಲ್ಲಿ ಕಾರಣ ಬರೆದು ಕೇಳಬಹುದು. ಈ ಮದ್ದಿನ ದೌರ್ಬಲ್ಯ ತಾಂತ್ರಿಕವಾದದ್ದಲ್ಲ. ಸಣ್ಣ ಸೈಟಿಗೆ ಇರುವುದು ಮೂರೋ ನಾಲ್ಕೋ ಸ್ವಯಂಸೇವಕ ಮಾಡರೇಟರುಗಳು. ಮೂವರೂ ಅಮೆರಿಕದ ಪೂರ್ವ ಭಾಗ, ಯುರೋಪುಗಳಲ್ಲಿದ್ದರೆ ಭಾರತದ ಬೆಳಗ್ಗೆ ಹತ್ತಕ್ಕೆ ಬಿಸಿಯೇರಿದ ಪ್ರಶ್ನೆಯ ಹತ್ತಿರ ಯಾರೂ ಇರುವುದಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಆ ಹೊತ್ತಿಗೆ ಸ್ಟ್ಯಾಕ್ ಓವರ್‌ಫ್ಲೋ ತೆರೆದವರಿಗೆ ಅದು ಕಾಣುತ್ತದೆ, ಮಾಡರೇಟರ್ ಎದ್ದು ಫೋನ್ ನೋಡುವ ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿರುತ್ತದೆ. ಹೊರಬರಬೇಕೇ ಎಂಬ ಚರ್ಚೆಯಲ್ಲಿ ನಮ್ಮ ಮಾಡರೇಟರುಗಳು ಯಾವ ಯಾವ ಹೊತ್ತಿನಲ್ಲಿ ಎಚ್ಚರವಿರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಹೊಸ ಮಾಡರೇಟರ್ ಚುನಾವಣೆ ನಡೆಸಿ ಇನ್ನೊಂದು ಟೈಮ್ ಝೋನಿನವರನ್ನು ತಂದುಕೊಂಡರೆ ಅರ್ಧ ಸಮಸ್ಯೆ ಕರಗುವ ಸೈಟುಗಳೂ ಇವೆ.

ಅಳೆಯುವುದು

ಹಾಟ್ ಪಟ್ಟಿ ನಮ್ಮ ಸೈಟನ್ನು ಹಾಳು ಮಾಡಿತು ಎಂದು ಹೇಳುವುದು ಸುಲಭ. ತೋರಿಸುವುದಕ್ಕೆ ಸ್ಟ್ಯಾಕ್ ಎಕ್ಸ್‌ಚೇಂಜ್ ಡೇಟಾ ಎಕ್ಸ್‌ಪ್ಲೋರರ್ ಇದೆ. ಉಚಿತ, ಎಲ್ಲ ಸೈಟುಗಳ ಸಾರ್ವಜನಿಕ ಮಾಹಿತಿ ವಾರಕ್ಕೊಮ್ಮೆ ಹೊಸದಾಗುತ್ತದೆ, ಅಂಥ ಮಾಹಿತಿಯನ್ನು ಹುಡುಕಿ ತೆಗೆಯುವ ಎಸ್‌ಕ್ಯೂಎಲ್ ಭಾಷೆ ಬಂದರೆ ಸಾಕು.

ಮೊದಲು ಪೋಸ್ಟ್‌ಹಿಸ್ಟರಿ ಟೇಬಲಿನಲ್ಲಿ ನಮೂನೆ 52 ಇರುವ ಸಾಲುಗಳನ್ನು ತೆಗೆಯಿರಿ. ಪ್ರಶ್ನೆ ಹಾಟ್ ಆದ ಕ್ಷಣ ಅದು. ನಮೂನೆ 53 ಎಂದರೆ ಮಾಡರೇಟರ್ ಅದನ್ನು ಪಟ್ಟಿಯಿಂದ ತೆಗೆದದ್ದು. ಹಿಂದಿನ ಒಂದು ವರ್ಷದ್ದು ಸಾಕು. ಒಂದು ವರ್ಷದಲ್ಲಿ 52ರ ಸಾಲುಗಳು ಮೂವತ್ತಕ್ಕಿಂತ ಕಡಿಮೆ ಇದ್ದರೆ ಮುಂದಿನ ಅಂಕಿಅಂಶಕ್ಕೆಲ್ಲ ಅರ್ಥವಿಲ್ಲ, ಅಷ್ಟನ್ನೂ ಕೂತು ಓದಿಬಿಡಿ. 53ರ ಸಾಲುಗಳು ಒಂದೂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿ: ಕೈಯಲ್ಲಿರುವ ಮದ್ದನ್ನು ಒಮ್ಮೆಯೂ ಬಳಸದ ಸೈಟು ಪೂರ್ತಿ ಹೊರಬರುವ ಮಾತಾಡಲು ಅರ್ಹವಲ್ಲ.

ಆಮೇಲೆ ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಹೆಚ್ಚಿನ ಮೆಟಾ ಪೋಸ್ಟುಗಳು ಎಡವುವುದು ಇಲ್ಲೇ. ಹಾಟ್ ಪ್ರಶ್ನೆಗಳನ್ನು ಸೈಟಿನ ಎಲ್ಲ ಪ್ರಶ್ನೆಗಳ ಸರಾಸರಿಗೆ ಹೋಲಿಸುತ್ತಾರೆ. ಹಾಟ್ ಆಗುವ ಪ್ರಶ್ನೆ ಹಾಟ್ ಆಗುವ ಮೊದಲೇ ಜನರನ್ನು ಸೆಳೆದಿತ್ತು, ಅದಕ್ಕೇ ಹಾಟ್ ಆಯಿತು. ಹಾಗಾಗಿ ಸರಾಸರಿಗಿಂತ ಹೆಚ್ಚು ಉತ್ತರ, ಹೆಚ್ಚು ಜಗಳ ಅಲ್ಲಿ ಹೇಗಿದ್ದರೂ ಇರುತ್ತದೆ. ಸರಿಯಾದ ಹೋಲಿಕೆಗೆ, ಅದೇ ತಿಂಗಳಿನ, ಅದೇ ಮುಖ್ಯ ಟ್ಯಾಗಿನ, ಮೊದಲ ದಿನವೇ ಎರಡಾದರೂ ಉತ್ತರ ಬಂದಿದ್ದ, ಆದರೆ ಪಟ್ಟಿಗೆ ಹತ್ತದ ಪ್ರಶ್ನೆಗಳನ್ನು ಆರಿಸಿ.

ಇನ್ನು ಅಳೆಯಬೇಕಾದವು. ಹಾಟ್ ಆದ ನಂತರ ಬಂದ ಉತ್ತರಗಳಲ್ಲಿ ಎಷ್ಟು ಅಳಿಸಿಹೋದವು? ಮಾಮೂಲಿ ಪೋಸ್ಟ್ಸ್ ಟೇಬಲಿನಲ್ಲಿ ಅಳಿಸಿದವು ಇರುವುದಿಲ್ಲ. ಪೋಸ್ಟ್ಸ್‌ವಿತ್‌ಡಿಲೀಟೆಡ್ ಎಂಬ ಇನ್ನೊಂದು ಟೇಬಲಿನಲ್ಲಿ ಅವುಗಳ ದಿನಾಂಕವೂ ಅಂಕವೂ ಸಿಗುತ್ತವೆ, ಪಠ್ಯ ಸಿಗುವುದಿಲ್ಲ. ಒಂದೊಂದು ದಿನದ ವೋಟುಗಳನ್ನು ಬೇರೆ ಬೇರೆಯಾಗಿ ಕೂಡಿಸಿ: ನಮೂನೆ 2 ಅಪ್‌ವೋಟ್, ನಮೂನೆ 3 ಡೌನ್‌ವೋಟ್. ವೋಟ್ಸ್ ಟೇಬಲಿನಲ್ಲಿ ದಿನಾಂಕ ಮಾತ್ರ ಇದೆ, ಗಂಟೆ ಇಲ್ಲ. ಯಾರು ಹಾಕಿದ್ದು ಎಂಬುದೂ ಇಲ್ಲ, ಗೌಪ್ಯತೆಯ ಕಾರಣಕ್ಕೆ. ಆದ್ದರಿಂದ ಇದು ಹೊರಗಿನವರ ವೋಟು, ಇದು ಹಳಬರದ್ದು ಎಂದು ಬೇರ್ಪಡಿಸುವ ಕ್ವೆರಿ ಬರೆಯಲು ಹೋಗಬೇಡಿ, ಆಗದು. ಕಾಮೆಂಟುಗಳ ಟೇಬಲಿನಲ್ಲಿ ಅಳಿಸಿದ ಕಾಮೆಂಟುಗಳು ಇಲ್ಲ, ಹಾಗಾಗಿ ಚೆನ್ನಾಗಿ ಗುಡಿಸಿದ ಸೈಟು ಅಲ್ಲಿ ಶಾಂತವಾಗಿಯೇ ಕಾಣುತ್ತದೆ. ಆ ಸಂಖ್ಯೆಯನ್ನು ನಂಬಬೇಡಿ.

ಲಾಭದ ಕಡೆಯದ್ದನ್ನೂ ಅಳೆಯಿರಿ. ಪ್ರಶ್ನೆ ಹಾಟ್ ಆದ ಮೂರು ದಿನದೊಳಗೆ ಖಾತೆ ತೆರೆದು ಅದೇ ಪ್ರಶ್ನೆಯಲ್ಲಿ ಮೊದಲ ಪೋಸ್ಟ್ ಹಾಕಿದವರನ್ನು ಹಿಡಿಯಿರಿ. ಅವರಲ್ಲಿ ಎಷ್ಟು ಜನ ಮುಂದಿನ 90 ದಿನಗಳಲ್ಲಿ ಬೇರೊಂದು ಪ್ರಶ್ನೆಗೆ ಉತ್ತರ ಬರೆದರು? ಆ ಪ್ರಶ್ನೆ ಹಾಟ್ ಆಗಿರದಿದ್ದರೆ ಇನ್ನೂ ಒಳ್ಳೆಯದು, ಅದನ್ನು ಬೇರೆಯಾಗಿ ಎಣಿಸಿ. ಇದೇ ಪ್ರಮಾಣವನ್ನು ಮಾಮೂಲಿ ದಾರಿಯಲ್ಲಿ ಬಂದ ಹೊಸಬರಿಗೂ ತೆಗೆಯಿರಿ. ಹಾಟ್ ಪಟ್ಟಿಯಿಂದ ಬಂದವರು ಶೇಕಡಾವಾರಿನಲ್ಲಿ ಕಡಿಮೆ ಉಳಿಯುತ್ತಾರೆ ಎಂದಾದರೂ, ಬಂದ ಸಂಖ್ಯೆ ದೊಡ್ಡದಿರುವುದರಿಂದ ಉಳಿದವರ ಒಟ್ಟು ಲೆಕ್ಕ ಹೆಚ್ಚಿರಬಹುದು. ಶೇಕಡಾವಾರು, ಒಟ್ಟು ಎರಡನ್ನೂ ಬರೆಯಿರಿ. ಒಂದನ್ನೇ ಬರೆದರೆ ಚರ್ಚೆ ನಿಮಗೆ ಬೇಕಾದ ಕಡೆ ವಾಲುತ್ತದೆ.

ಎಸ್‌ಕ್ಯೂಎಲ್‌ಗೆ ಸಿಗದ ಒಂದಿದೆ, ಅದೇ ಎಲ್ಲಕ್ಕಿಂತ ಮುಖ್ಯ: ಸರಿಯಾದ ಉತ್ತರ ಮೇಲೆ ಬಂತೇ? ಇದಕ್ಕೆ ಕೈಕೆಲಸವೇ ಗತಿ. ಮೂವತ್ತು ಹಾಟ್ ಪ್ರಶ್ನೆಗಳನ್ನೂ ಹೋಲಿಕೆಯ ಮೂವತ್ತನ್ನೂ ಆರಿಸಿ, ಉತ್ತರಗಳ ಪಠ್ಯವನ್ನು ಮಾತ್ರ, ಅಂಕ ಮತ್ತು ಹೆಸರು ತೆಗೆದು, ಒಂದು ಹಾಳೆಗೆ ಇಳಿಸಿ. ವಿಷಯ ಬಲ್ಲ ಮೂವರು ಒಬ್ಬರನ್ನೊಬ್ಬರು ಕೇಳದೆ ಪ್ರತಿ ಪ್ರಶ್ನೆಯಲ್ಲೂ ಉತ್ತಮವಾದ ಒಂದು ಉತ್ತರವನ್ನೂ, ತಪ್ಪು ಎನಿಸಿದವುಗಳನ್ನೂ ಗುರುತು ಮಾಡಲಿ. ಆಮೇಲೆ ಅಂಕಗಳ ಜೊತೆ ಇಟ್ಟು ನೋಡಿ. ಮೂವರಲ್ಲೇ ಒಮ್ಮತ ಇಲ್ಲದ ಪ್ರಶ್ನೆಗಳನ್ನು ಪಕ್ಕಕ್ಕಿಡಿ. ಅಲ್ಲಿ ತಪ್ಪು ಹಾಟ್ ಪಟ್ಟಿಯದ್ದಲ್ಲ, ಪ್ರಶ್ನೆಯೇ ಅಭಿಪ್ರಾಯದ್ದು. ಹಾಟ್ ಗುಂಪಿನಲ್ಲಿ ತಪ್ಪು ಉತ್ತರ ತಲೆಯ ಮೇಲೆ ಕೂತಿರುವುದು ಹೋಲಿಕೆಯ ಗುಂಪಿಗಿಂತ ಕಣ್ಣಿಗೆ ರಾಚುವಷ್ಟು ಹೆಚ್ಚಿದ್ದರೆ ನಿಮ್ಮ ದೂರು ನಿಜ. ಇಲ್ಲದಿದ್ದರೆ ನಿಮ್ಮದು ಗದ್ದಲದ ಮೇಲಿನ ಬೇಸರ, ಅದೂ ಸುಳ್ಳಲ್ಲ, ಆದರೆ ಅದಕ್ಕೆ ಹೊರಬರುವುದು ಬೇಕಿಲ್ಲ.

ಯಾರು ಹೊರಬರಬೇಕು

ನಾನು ಇಡುವ ಮೊದಲ ಪರೀಕ್ಷೆ: ವಿಷಯ ಗೊತ್ತಿಲ್ಲದ, ಆದರೆ ಜಾಣನಾದ ಓದುಗನಿಗೆ ತಪ್ಪು ಉತ್ತರ ತಪ್ಪೆಂದು ಕಾಣುತ್ತದೆಯೇ? ಪಜ್ಲಿಂಗ್ ಸೈಟಿನಲ್ಲಿ ಒಗಟಿಗೆ ಉತ್ತರ ಹೊಂದಿತೋ ಇಲ್ಲವೋ ಯಾರಿಗಾದರೂ ತಿಳಿಯುತ್ತದೆ. ಅತಿ ಚಿಕ್ಕ ಕೋಡ್ ಬರೆಯುವ ಪಂದ್ಯದ ಸೈಟಾದ ಕೋಡ್ ಗಾಲ್ಫ್‌ನಲ್ಲಿ ಬೈಟ್‌ಗಳ ಲೆಕ್ಕ ಮೇಲೆಯೇ ಬರೆದಿರುತ್ತದೆ. ಅಂಥ ಸೈಟುಗಳಿಗೆ ಹಾಟ್ ಪಟ್ಟಿ ಬರೀ ಲಾಭ. ಕಾನೂನಿನ ಸೈಟಿನಲ್ಲಿ ಹಾಗಲ್ಲ. ನ್ಯಾಯದಂತೆ ಕೇಳಿಸುವ ಉತ್ತರ ಒಂದು, ಆ ದೇಶದ ಕಾನೂನು ಹೇಳುವುದು ಇನ್ನೊಂದು. ಹೊರಗಿನವನ ವೋಟು ಮೊದಲನೆಯದಕ್ಕೆ ಬೀಳುತ್ತದೆ. ಕೆಲಸದ ಜಾಗದ ಪ್ರಶ್ನೆಗಳದ್ದೂ ಇದೇ ಕತೆ: ‘ಆ ಕೆಲಸ ಬಿಟ್ಟುಬಿಡು’ ಎಂಬ ಉತ್ತರ ಸದಾ ಜನಪ್ರಿಯ. ಬಿಟ್ಟವನ ಮನೆ ಕಂತು ಯಾರು ಕಟ್ಟುತ್ತಾರೆ ಎಂಬುದು ವೋಟು ಹಾಕುವವರ ಚಿಂತೆಯಲ್ಲ.

ಎರಡನೆಯ ಪರೀಕ್ಷೆ: ಕಸವನ್ನು ಅಳಿಸಲು ಸೈಟಿನ ಕೈಯಲ್ಲಿ ಹರಿತವಾದ ನಿಯಮವಿದೆಯೇ? ಜನರ ನಡುವೆ ಹರಿದಾಡುವ ಹೇಳಿಕೆಗಳನ್ನು ಪರೀಕ್ಷಿಸುವ ಸ್ಕೆಪ್ಟಿಕ್ಸ್ ಸೈಟಿನಲ್ಲಿ ಆಧಾರ ಕೊಡದ ಉತ್ತರ ಉಳಿಯುವುದಿಲ್ಲ. ಹಿಂದೂಯಿಸಂ ಸೈಟಿನಲ್ಲೂ ಶಾಸ್ತ್ರ, ಪುರಾಣ, ಆಚಾರ್ಯರ ಭಾಷ್ಯಗಳಿಂದ ಆಧಾರ ಕೇಳುತ್ತಾರೆ. ‘ನಮ್ಮ ಅಜ್ಜಿ ಹೇಳುತ್ತಿದ್ದರು’ ಎಂಬುದು ಅಲ್ಲಿ ನಡೆಯದು. ಅಂಥ ಸೈಟಿಗೆ ಹಾಟ್ ಪಟ್ಟಿಯ ಪ್ರವಾಹ ಬಂದಾಗ ಮಾಡರೇಟರ್ ವಾದಕ್ಕೆ ನಿಲ್ಲಬೇಕಿಲ್ಲ, ಆಧಾರ ಇಲ್ಲ, ಅಳಿಸಿದೆ, ಮುಗಿಯಿತು. ಎಷ್ಟು ವೋಟು ಬಿದ್ದಿದ್ದರೂ ಅಷ್ಟೇ. ಇಂಥ ನಿಯಮ ಇಲ್ಲದ ಸೈಟು ಹೊರಬರುವ ಬಗ್ಗೆ ಯೋಚಿಸುವ ಮುನ್ನ ಅಂಥದ್ದೊಂದನ್ನು ಮಾಡಿಕೊಳ್ಳಲು ಸಾಧ್ಯವೇ ಎಂದು ನೋಡಲಿ. ಅದು ಹಾಟ್ ಪಟ್ಟಿ ಇಲ್ಲದ ದಿನವೂ ಉಪಯೋಗಕ್ಕೆ ಬರುತ್ತದೆ.

ಮೂರನೆಯದನ್ನು ನಾನು ಪರೀಕ್ಷೆ ಎನ್ನುವುದಿಲ್ಲ, ತಡೆಗೋಡೆ ಎನ್ನುತ್ತೇನೆ. ಪ್ರಶ್ನೆ ಕೇಳಿದವರ ಖಾಸಗಿ ಬದುಕು ಅದರಲ್ಲಿದೆಯೇ? ಮಗುವಿನ ನಡವಳಿಕೆ, ದಾಂಪತ್ಯ, ಕಚೇರಿಯ ಕಿರುಕುಳ ಇಂಥವನ್ನು ಜನ ಸಣ್ಣ ಸೈಟಿನಲ್ಲಿ, ಅಲ್ಲಿನ ನೂರಿನ್ನೂರು ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ. ಅದನ್ನು ಇಡೀ ಜಾಲದ ಪಕ್ಕಪಟ್ಟಿಗೆ ಏರಿಸುವಾಗ ಅವರನ್ನು ಯಾರೂ ಕೇಳುವುದಿಲ್ಲ. ಅದೇ ಕಚೇರಿಯ ಸಹೋದ್ಯೋಗಿಯ ಪರದೆಯ ಮೇಲೆ ಆ ಶೀರ್ಷಿಕೆ ಬರುವ ಸಂಭವ ಊಹೆಯದ್ದಲ್ಲ. ಈ ಜಾಲದ ಬಹುಪಾಲು ಓದುಗರು ಒಂದೇ ಉದ್ಯಮದವರು. ಕೇಳಿದವರು ತಾವಾಗಿ ತಮ್ಮ ಪ್ರಶ್ನೆಯನ್ನು ಪಟ್ಟಿಯಿಂದ ಹೊರಗಿಡುವ ಗುಂಡಿ ಇಲ್ಲ, ಫ್ಲ್ಯಾಗ್ ಹಾಕಿ ಮಾಡರೇಟರನ್ನು ಬೇಡಬೇಕು. ಇಂಥ ಸೈಟುಗಳು ಲೆಕ್ಕ ಏನೇ ಹೇಳಲಿ, ಹೊರಗೇ ಇರುವುದು ಸರಿ.

ರೆಡ್ಡಿಟ್ ಇದನ್ನು ಬೇರೆ ರೀತಿ ಮಾಡಿದೆ. ಅಲ್ಲಿ ಸಬ್‌ರೆಡ್ಡಿಟ್ ಒಂದು ಎಲ್ಲರಿಗೂ ಕಾಣುವ ದೊಡ್ಡ ಫೀಡುಗಳಲ್ಲಿ ಬರಬೇಕೋ ಬೇಡವೋ ಎಂಬುದು ಅದರ ಮಾಡರೇಟರುಗಳ ಸೆಟ್ಟಿಂಗ್. ಬೇಕೆಂದಾಗ ಹಾಕಿ, ಬೇಡವೆಂದಾಗ ತೆಗೆಯಬಹುದು. ಸ್ಟ್ಯಾಕ್ ಎಕ್ಸ್‌ಚೇಂಜಿನಲ್ಲಿ ಇಡೀ ಸೈಟನ್ನು ಹೊರಗಿಡುವ ಗುಂಡಿ ಕಂಪನಿಯ ಕೈಯಲ್ಲಿದೆ, ಸಮುದಾಯ ಕೇಳಿಕೊಳ್ಳಬೇಕು. ಹಾಗಾಗಿ ಇಲ್ಲಿ ಹೊರಬಂದು ಆಮೇಲೆ ಮನಸ್ಸು ಬದಲಿಸುವುದು ಅಷ್ಟು ಸಲೀಸಲ್ಲ.

ಉಳಿಯುವವರ ಪರವಾಗಿ ಇರುವ ವಾದ ಇತ್ತೀಚೆಗೆ ಬಲಗೊಂಡಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸ್ಟ್ಯಾಕ್ ಓವರ್‌ಫ್ಲೋಗೆ ಬರುವ ಹೊಸ ಪ್ರಶ್ನೆಗಳು ತೀವ್ರವಾಗಿ ಇಳಿದಿವೆ. ಗೂಗಲ್‌ನಿಂದ ಬಂದು ಖಾತೆ ತೆರೆದು ಉಳಿಯುವ ಹಳೆಯ ದಾರಿ ಸೊರಗಿದೆ. ಸಣ್ಣ ಸೈಟಿಗೆ ಹೊಸ ಮುಖ ತರುವ ದಾರಿಗಳಲ್ಲಿ ಹಾಟ್ ಪಟ್ಟಿ ಈಗ ಮೊದಲಿಗಿಂತ ದೊಡ್ಡದು. ವಿಮಾನಯಾನದ ಸೈಟಿಗೆ ಪೈಲಟ್ ಒಬ್ಬ ಬರುವುದು ಹಲವು ಸಲ ಅವನು ಪ್ರೋಗ್ರಾಮರ್ ಕೂಡ ಆಗಿರುವುದರಿಂದ. 2015ರಲ್ಲಿ ಹೊರಬಂದರೆ ಕಳೆದುಕೊಳ್ಳುತ್ತಿದ್ದುದು ಗದ್ದಲ, ಇವತ್ತು ಹೊರಬಂದರೆ ಕಳೆದುಕೊಳ್ಳುವುದು ಬಾಗಿಲು.

ಪ್ರಸ್ತಾಪ ಇಡುವಾಗ

ಎಲ್ಲ ಲೆಕ್ಕದ ನಂತರವೂ ಹೊರಬರಬೇಕೆಂದು ಕಂಡರೆ, ಮೆಟಾದಲ್ಲಿ ಎರಡು ಬೇರೆ ಬೇರೆ ಬೇಡಿಕೆಗಳನ್ನು ಕಲಸಬೇಡಿ. ನಮ್ಮ ಪ್ರಶ್ನೆಗಳು ಹೊರಗಿನ ಪಟ್ಟಿಯಲ್ಲಿ ಬೇಡ ಎಂಬುದು ಒಂದು, ಆ ಪಟ್ಟಿ ನಮ್ಮ ಸೈಟಿನಲ್ಲಿ ಕಾಣಿಸುವುದು ಬೇಡ ಎಂಬುದು ಇನ್ನೊಂದು. ಎರಡನೆಯದಕ್ಕೆ ಪ್ರತಿಯೊಬ್ಬರ ಪ್ರೊಫೈಲಿನಲ್ಲೇ ಪರಿಹಾರವಿದೆ, ಅದನ್ನು ಸೇರಿಸಿದರೆ ವೋಟು ಚದುರುತ್ತದೆ.

ಪ್ರಸ್ತಾಪದ ಪ್ರಶ್ನೆಯಲ್ಲಿ ಅಂಕಿಅಂಶ ಮಾತ್ರ ಇರಲಿ, ನಿಲುವು ಬೇಡ. ನಿಲುವುಗಳನ್ನು ಬೇರೆ ಬೇರೆ ಉತ್ತರಗಳಾಗಿ ಹಾಕಿ: ಪೂರ್ತಿ ಹೊರಬರೋಣ, ಈಗಿನಂತೆ ಇರೋಣ, ಇದ್ದುಕೊಂಡು ಇಂತಿಂಥ ಪ್ರಶ್ನೆಗಳನ್ನು ಮಾಡರೇಟರ್ ತೆಗೆಯಲಿ. ಮೂರಕ್ಕೂ ಬೇರೆಯಾಗಿ ವೋಟು ಬೀಳುತ್ತದೆ. ಮಾಡರೇಟರ್ ಅದಕ್ಕೆ ಫೀಚರ್ಡ್ ಟ್ಯಾಗ್ ಹಾಕಿದರೆ ಮುಖ್ಯ ಸೈಟಿನ ಪಕ್ಕದಲ್ಲೂ ಕಾಣುತ್ತದೆ. ಮೂರು ವಾರವಾದರೂ ತೆರೆದಿಡಿ, ವಾರಾಂತ್ಯದಲ್ಲಿ ಮಾತ್ರ ಬರುವವರೂ ಇರುತ್ತಾರೆ. ಮೂರನೆಯ ಉತ್ತರವೇ ಗೆದ್ದರೆ ‘ಇಂತಿಂಥ’ ಎಂಬುದನ್ನು ಬರವಣಿಗೆಯಲ್ಲಿ ಖಚಿತ ಮಾಡಿ. ಇಲ್ಲದಿದ್ದರೆ ಪ್ರತಿ ಸಲ ಒಂದು ಪ್ರಶ್ನೆ ತೆಗೆದಾಗಲೂ ಹೊಸ ಮೆಟಾ ಜಗಳ.

ಹೊರಬರುವುದು ಗೆದ್ದರೆ ಆರು ತಿಂಗಳ ಪ್ರಯೋಗವೆಂದೇ ಕಂಪನಿಗೆ ಬರೆಯಿರಿ, ಯಾವ ಸಂಖ್ಯೆ ಎಲ್ಲಿಗೆ ಇಳಿದರೆ ಮರಳುತ್ತೇವೆ ಎಂಬುದನ್ನೂ ಅದರಲ್ಲೇ ಸೇರಿಸಿ. ಮೊದಲ ತಿಂಗಳು ಒಟ್ಟು ವೋಟು, ಹೊಸ ಖಾತೆಗಳು ಎರಡೂ ದಢಕ್ಕನೆ ಬೀಳುತ್ತವೆ, ಅದಕ್ಕೆ ಗಾಬರಿ ಬೇಡ, ಅದು ನಿರೀಕ್ಷಿತವೇ. ನೋಡಬೇಕಾದ್ದು ವಾರಕ್ಕೆ ಎಷ್ಟು ಪ್ರಶ್ನೆಗಳಿಗೆ ಒಂದಾದರೂ ಉತ್ತರ ಬಂತು, ಉತ್ತರಿಸುವವರಲ್ಲಿ ಹೊಸ ಹೆಸರು ಎಷ್ಟು ಎಂಬುದನ್ನು.

ಒಂದು ತೊಡಕಿದೆ. ಹೊರಬಂದ ಮೇಲೆ ನಮೂನೆ 52ರ ಸಾಲುಗಳೇ ಹುಟ್ಟುವುದಿಲ್ಲ. ಆರು ತಿಂಗಳ ನಂತರ ‘ಪಟ್ಟಿಯಲ್ಲಿದ್ದಿದ್ದರೆ ಯಾವುದು ಹಾಟ್ ಆಗುತ್ತಿತ್ತು’ ಎಂದು ತಿಳಿಯಲು ಮೇಲಿನ ಸೂತ್ರವನ್ನೇ ನೀವಾಗಿ ಲೆಕ್ಕ ಹಾಕಬೇಕು. ವೋಟುಗಳ ಗಂಟೆ ಸಿಗದ ಕಾರಣ ಮೊದಲ ದಿನದ ಕೊನೆಯ ಅಂಕವನ್ನು ಇಟ್ಟುಕೊಳ್ಳಿ, ವಯಸ್ಸನ್ನು ಎಲ್ಲಕ್ಕೂ ಒಂದೇ ಎಂದು ಹಿಡಿಯಿರಿ. ಹೊರಬರುವ ಮುಂಚಿನ ವರ್ಷದ ಪ್ರಶ್ನೆಗಳಿಗೂ ಇದೇ ಅಂದಾಜನ್ನು ಹಾಕಿ, ನಿಜವಾಗಿ ಹಾಟ್ ಆದವನ್ನು ಅದು ಎಷ್ಟು ಸರಿಯಾಗಿ ಹಿಡಿಯುತ್ತದೆ ಎಂದು ಪರೀಕ್ಷಿಸಿ. ಆ ಕ್ವೆರಿಯನ್ನು ಹೊರಬರುವ ಮೊದಲೇ ಬರೆದು, ಲಿಂಕನ್ನು ಪ್ರಸ್ತಾಪದ ಪೋಸ್ಟಿನಲ್ಲೇ ಇಟ್ಟಿರಿ. ಆಮೇಲೆ ಬರೆಯಲು ಕೂತರೆ ಎರಡು ಪಕ್ಷದವರೂ ತಮಗೆ ಬೇಕಾದ ಫಲಿತಾಂಶ ಬರುವಂತೆ ಬರೆಯುತ್ತಾರೆ.